ಗಡ್ಡಮೀಸೆಯ ಲಿಂಗವಿಚಾರ : ದಾಸಿಮಯ್ಯನ ಒಂದು ವಚನವೂ ಒಂದು ಆತ್ಮಕಥೆಯ ಹೆಸರೂ

ಜೇಡರ ದಾಸಿಮಯ್ಯನ ವಚನಗಳಲ್ಲಿ ಸ್ತ್ರೀಪುರುಷಲಕ್ಷಣವನ್ನು ಕುರಿತದ್ದೊಂದು ಪಂಡಿತರಿಗೂ ಪಾಮರರಿಗೂ ಸಮಾನವಾಗಿ ಪರಿಚಿತವಾಗಿರುವುದು. ಅದರ ತಾತ್ಪರ್ಯವಿಷ್ಟೆ : ಸ್ತನವೂ ತುರುಬೂ ಮೂಡಿದರೆ ಲೋಕದವರು ಸ್ತ್ರೀಯೆನ್ನುವರು, ಗಡ್ಡವೂ ಮೀಸೆಯೂ ಮೂಡಿದರೆ ಪುರುಷನೆನ್ನುವರು, ಇವೆರಡರ ಮಧ್ಯದಲ್ಲಿ ಸಂಚರಿಸುವ ಆತ್ಮನಾದರೋ ಇದೂ ಅಲ್ಲ, ಅದೂ ಅಲ್ಲ. ಮೂರು ನಾಲ್ಕು ಪಂಕ್ತಿಗಳ ಈ ಸಣ್ಣ ವಚನದ ಮೇಲೆ ಬಂದಿರುವ ವ್ಯಾಖ್ಯಾನಗಳೆಲ್ಲ ಪ್ರಾಯಶಃ ಕೊನೆಯ ಪಂಕ್ತಿಯನ್ನೇ ಹಿಡಿದಿರುವುವು. ಆತ್ಮನಿಗೆ ಲಿಂಗವಿಲ್ಲವೆಂಬ ವೇದಾಂತಸಿದ್ಧಾಂತವನ್ನು ಕನ್ನಡದಲ್ಲಿ ಸುಲಭವಾಗಿ ಹೇಳಿದ ವಚನವೆಂದು ಪಾಠ ಹೇಳಿ, ಮೊದಲಿನ ಎರಡು ಪಂಕ್ತಿಗಳನ್ನು ಏಣಿಯ ಮೆಟ್ಟಿಲುಗಳಂತೆ ತುಳಿದು ದಾಟಿಬಿಡುವುದು ವಾಡಿಕೆಯಾಗಿರುವುದು. ಆ ಮೆಟ್ಟಿಲುಗಳಲ್ಲಿಯೇ ನಿಂತುಕೊಂಡಿರುವ ಜನರಿರುವರೆಂಬುದು ವ್ಯಾಖ್ಯಾನಕಾರರ ಗಮನಕ್ಕೆ ಬಂದಂತಿಲ್ಲ.

ಈ ವಿಚಾರವನ್ನು ಮತ್ತೆ ಎತ್ತುವುದಕ್ಕೆ ಕಾರಣವು ಒಂದು ಪುಸ್ತಕದ ಹೆಸರು. ಮರಿಯಮ್ಮನಹಳ್ಳಿಯ ಶ್ರೀಮತಿ ಮಂಜಮ್ಮ ಜೋಗತಿಯವರ ಆತ್ಮಕಥೆಗೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರಿಡಲಾಗಿರುವುದು. ನಿರೂಪಣೆಯು ಅರುಣ್ ಜೋಳದಕೂಡ್ಲಿಗಿಯವರದು. ಆ ಹೆಸರಿನಲ್ಲಿಯೇ ಈ ಸೀಮೆಯ ಊರೊಂದು ಸೇರಿಕೊಂಡಿರುವುದು. ಮಂಜಮ್ಮನವರು ಕುರುಗೋಡಿನ ಬಳಿಯ ಕಲ್ಲುಕಂಬದಲ್ಲಿ ಗಂಡುಮಗುವೆಂದು ಕರೆಯಿಸಿಕೊಂಡು ಹುಟ್ಟಿದವರು ; ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಪಡೆದು ಜೋಗತಿಯಾದವರು ; ಕಾಳವ್ವ ಜೋಗತಿಯವರಿಂದ ಜೋಗತಿನೃತ್ಯವನ್ನು ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನವೂ 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಅವರಿಗೆ ದೊರೆತುವು. ಪ್ರಶಸ್ತಿಪ್ರದಾನದ ಸಮಯದಲ್ಲಿ ಅವರು ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದುದನ್ನು ದೇಶವೆಲ್ಲವೂ ನೋಡಿದ್ದಿತು.

ಪುಸ್ತಕದ ಹೆಸರು ದಾಸಿಮಯ್ಯನ ವಚನದಿಂದ ಬಂದುದೆಂಬುದು ಸ್ಪಷ್ಟ. ಆದರೆ ಒಂದು ಪದವು ಬದಲಾಗಿರುವುದು. ವಚನದಲ್ಲಿ ನಡುವೆ ಸುಳಿಯುವವನು ಆತ್ಮ. ಪುಸ್ತಕದಲ್ಲಿ ನಡುವೆ ಸುಳಿಯುವವಳು ಹೆಣ್ಣು. ಈ ಬದಲಾವಣೆಯು ಅಲಂಕಾರಕ್ಕಾಗಿ ಮಾಡಿದುದೋ, ಅಥವಾ ವಚನಕ್ಕೆ ಮಾಡಿದ ತಿದ್ದುಪಡಿಯೋ, ಅಥವಾ ವಚನದ ಅಪಾರ್ಥವೋ ಎಂಬುದು ವಿಚಾರಣೀಯವಾದುದು. ಏಕೆಂದರೆ ಇಲ್ಲಿ ಒಂದು ಪೂರ್ವಪಕ್ಷವು ಸಿದ್ಧವಾಗಿ ನಿಂತಿರುವುದು. ಆತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂದು ಒಪ್ಪಿದ ಮೇಲೆ, ಗಂಡುದೇಹದಲ್ಲಿ ಹುಟ್ಟಿ ಹೆಣ್ಣಾಗಿ ಬಾಳುವವರು ಮುಖದ ಕೂದಲನ್ನು ದಿನದಿನವೂ ತೆಗೆಯುವುದೇಕೆ ? ಗಡ್ಡವು ಬರಿಯ ದೇಹಧರ್ಮವಾದರೆ ಇದ್ದರೇನು, ಹೋದರೇನು ? ಅದನ್ನು ಕಿತ್ತುಹಾಕುವುದರಿಂದಲೇ, ಗಡ್ಡವುಳ್ಳವನು ಗಂಡೆಂಬ ಲೋಕದ ಮಾತನ್ನು ಅವರೂ ಒಪ್ಪಿದಂತಾಗಲಿಲ್ಲವೆ ? ಈ ಪ್ರಶ್ನೆಯನ್ನು ಕೇಳುವವರಲ್ಲಿ ಹಾಸ್ಯಕ್ಕಾಗಿ ಕೇಳುವವರೂ ಉಂಟು, ನಿಜವಾಗಿ ಸಂಶಯಪಡುವವರೂ ಉಂಟು. ಎರಡನೆಯವರಿಗೆ ಉತ್ತರ ಹೇಳಬೇಕಾದುದು ವಿಮರ್ಶೆಯ ಕರ್ತವ್ಯ.

ಉತ್ತರವನ್ನು ಹುಡುಕುವುದಕ್ಕೆ ವ್ಯಾಕರಣಶಾಸ್ತ್ರದ ಕಡೆಗೆ ಹೋಗಬೇಕಾಗುವುದು. ಪಾಣಿನಿಯು ಸ್ತ್ರೀಪ್ರತ್ಯಯಗಳನ್ನು ವಿಧಿಸುವ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ, ಸ್ತ್ರೀ ಎಂದರೆ ಯಾರು ಎಂಬ ಪ್ರಶ್ನೆಯನ್ನು ಕ್ರಿ. ಪೂ. 2ನೆಯ ಶತಮಾನದ ಪತಂಜಲಿಯು ಮಹಾಭಾಷ್ಯದಲ್ಲಿ ಎತ್ತಿಕೊಂಡಿರುವನು. ಅಲ್ಲಿ ಮೊದಲು ಒಂದು ಲೌಕಿಕವಾದ ಲಕ್ಷಣವು ಬರುವುದು : ಸ್ತನಗಳೂ ತಲೆಗೂದಲೂ ಉಳ್ಳವಳು ಸ್ತ್ರೀ, ಮೈಮುಖಗಳಲ್ಲಿ ರೋಮವುಳ್ಳವನು ಪುರುಷ, ಇವೆರಡರ ಅಂತರದಲ್ಲಿದ್ದು ಇವು ಇಲ್ಲದಿರುವುದು ನಪುಂಸಕ. ಸಹೃದಯರು ಇದನ್ನು ದಾಸಿಮಯ್ಯನ ವಚನದ ಪಕ್ಕದಲ್ಲಿಟ್ಟು ನೋಡಬೇಕು. ಸ್ತನಕೇಶಗಳಿಗೆ ಸರಿಯಾಗಿ ಮೊಲೆಮುಡಿ. ರೋಮಕ್ಕೆ ಸರಿಯಾಗಿ ಗಡ್ಡಮೀಸೆ. ಅಂತರಕ್ಕೆ ಸರಿಯಾಗಿ ನಡುವೆ. ಮೂರು ಅಂಗಗಳೂ ಅದೇ ಕ್ರಮದಲ್ಲಿ ಕುಳಿತಿರುವುವು. ನೆಯ್ಗೆಯ ಕಾಯಕದ ದಾಸಿಮಯ್ಯನು ಭಾಷ್ಯವನ್ನು ಓದಿದ್ದನೆಂದು ಇದರಿಂದ ಸಾಧಿಸಹೊರಡುವುದು ಸಾಹಸವಾದೀತು. ಇಂತಹ ಲಕ್ಷಣವು ಶಾಸ್ತ್ರಕ್ಕಿಂತ ಮೊದಲು ಜನರ ಬಾಯಲ್ಲಿಯೇ ಇದ್ದಿರಬೇಕು. ಭಾಷ್ಯವೂ ವಚನವೂ ಲೋಕದ ಒಂದೇ ಮಾತನ್ನು ಎತ್ತಿಕೊಂಡು ಎರಡು ರೀತಿಯಿಂದ ಮುರಿದಿರುವುವೆಂಬುದೇ ಇಲ್ಲಿ ಮುಖ್ಯ.

ಭಾಷ್ಯವು ಮುರಿಯುವ ಬಗೆಯು ಬಹು ರಮಣೀಯವಾದುದು. ಸ್ತನಕೇಶಗಳೇ ಸ್ತ್ರೀಲಕ್ಷಣವಾದರೆ ಭ್ರೂಕುಂಸ ಎಂಬ ಶಬ್ದಕ್ಕೆ ಸ್ತ್ರೀಪ್ರತ್ಯಯವು ಬರಬೇಕಾಗುವುದೆಂದು ಒಂದು ಆಕ್ಷೇಪ. ಭ್ರೂಕುಂಸನೆಂದರೆ ಸ್ತ್ರೀವೇಷವನ್ನು ಧರಿಸಿ ಕುಣಿಯುವ ಪುರುಷನೆಂದು ಅಮರಸಿಂಹನು ನಾಟ್ಯವರ್ಗದಲ್ಲಿ ಹೇಳಿರುವನು. ರೋಮವೇ ಪುರುಷಲಕ್ಷಣವಾದರೆ ಖರಕುಟೀ ಎಂಬ ಶಬ್ದವು ಪುಲ್ಲಿಂಗದಂತೆ ರೂಪಗಳನ್ನು ಪಡೆಯಬೇಕಾಗುವುದೆಂದು ಇನ್ನೊಂದು ಆಕ್ಷೇಪ. ಖರಕುಟಿಯೆಂದರೆ ಕ್ಷೌರಿಕನ ಮನೆಯೆಂದು ವ್ಯಾಖ್ಯಾನಕಾರರು ಅರ್ಥ ಹೇಳಿರುವರು. ಕ್ಷೌರಿಕನ ಮನೆಯ ತುಂಬ ಗಡ್ಡಮೀಸೆಗಳ ಕೂದಲೇ ಬಿದ್ದಿರುವುದಷ್ಟೆ. ಹಾಗೆಂದು ಆ ಮನೆಯು ಗಂಡಾಗುವುದೆ? ಇದಲ್ಲದೆ ಮಂಚಕ್ಕೆ ಸ್ತನವಿಲ್ಲ, ಮರಕ್ಕೆ ಮೀಸೆಯಿಲ್ಲ. ಆದರೂ ಖಟ್ವಾಶಬ್ದವು ಸ್ತ್ರೀಲಿಂಗ, ವೃಕ್ಷಶಬ್ದವು ಪುಲ್ಲಿಂಗ. ಆದುದರಿಂದ ದೇಹದ ಗುರುತುಗಳಿಂದ ಲಿಂಗವನ್ನು ನಿಶ್ಚಯಿಸುವುದಕ್ಕಾಗದೆಂದು ಭಾಷ್ಯಕಾರನು ಆ ಲಕ್ಷಣವನ್ನು ಬಿಟ್ಟು, ವಸ್ತುವಿನಲ್ಲಿ ಸದಾ ನಡೆಯುತ್ತಿರುವ ಉಪಚಯಾಪಚಯಗಳನ್ನೂ ಅವುಗಳಲ್ಲಿ ಯಾವುದನ್ನು ಹೇಳಬೇಕೆಂಬ ಮಾತುಗಾರನ ವಿವಕ್ಷೆಯನ್ನೂ ಆಶ್ರಯಿಸಿರುವನು. ಲಿಂಗವು ಲೋಕವ್ಯವಹಾರವನ್ನು ಅವಲಂಬಿಸಿರುವುದರಿಂದ ಅದನ್ನು ಶಾಸ್ತ್ರದಿಂದ ಕಲಿಸಬೇಕಾದುದೇ ಇಲ್ಲವೆಂಬ ಮಾತೂ ಅಲ್ಲಿಯೇ ಇರುವುದು.

ಇದು ಶಬ್ದಲಿಂಗದ ವಿಚಾರವೇ ಹೊರತು ಪ್ರಾಣಿಗಳ ಲಿಂಗದ ವಿಚಾರವಲ್ಲವೆಂದು ಆಕ್ಷೇಪಿಸಬಹುದು. ಸಂಸ್ಕೃತದ ಮಟ್ಟಿಗೆ ಅದು ನಿಜ. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ದಾರಶಬ್ದವು ಪುಲ್ಲಿಂಗ, ಭಾರ್ಯಾಶಬ್ದವು ಸ್ತ್ರೀಲಿಂಗ, ಕಲತ್ರಶಬ್ದವು ನಪುಂಸಕಲಿಂಗ. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು ; ಮನುಷ್ಯರಲ್ಲಿ ಗಂಡಾದುದು ಪುಲ್ಲಿಂಗ, ಹೆಣ್ಣಾದುದು ಸ್ತ್ರೀಲಿಂಗ, ಉಳಿದುದು ನಪುಂಸಕ. ಆದುದರಿಂದ ಕನ್ನಡಿಗನು ಎದುರಿಗೆ ಬಂದವರನ್ನು ಕುರಿತು ಬಂದನು ಎನ್ನಬೇಕೋ ಬಂದಳು ಎನ್ನಬೇಕೋ ಎಂದು ಬಾಯಿ ತೆರೆಯುವ ಮೊದಲೇ ನಿರ್ಧರಿಸಿಕೊಳ್ಳಬೇಕಾಗುವುದು. ಆ ನಿರ್ಧಾರಕ್ಕೆ ಅವನು ಮೊದಲು ನೋಡುವುದು ಮುಖವನ್ನೇ. ಬಂದರು ಎಂಬ ಗೌರವದ ಬಹುವಚನವೊಂದು ಈ ಇಕ್ಕಟ್ಟಿನಿಂದ ಪಾರಾಗುವ ದಾರಿ. ಆದರೆ ಗೌರವವು ಬಡವರಿಗೆ ಸುಲಭವಾಗಿ ದಕ್ಕುವ ವಸ್ತುವಲ್ಲ. ಉತ್ತಮಪುರುಷದಲ್ಲಿ ಮಾತ್ರ ಕನ್ನಡವು ಉದಾರವಾಗಿರುವುದು. ನಾನು ಬಂದೆನು ಎಂಬಲ್ಲಿ ಹೇಳುವವರು ಹೆಣ್ಣೋ ಗಂಡೋ ತಿಳಿಯದು. ಹಿಂದಿಯಲ್ಲಿ ಅದೇ ಮಾತನ್ನು ಹೇಳುವವರು ತಮ್ಮ ಲಿಂಗವನ್ನು ಕ್ರಿಯಾಪದದಲ್ಲಿ ಒಪ್ಪಿಸಲೇಬೇಕು. ಹೀಗಿರುವುದರಿಂದ ಕನ್ನಡದ ಆತ್ಮಕಥೆಯೊಂದು ಮೊದಲಿಂದ ಕೊನೆಯವರೆಗೆ ತನ್ನ ನಾಯಕನೋ ನಾಯಕಿಯೋ ಎಂಬುದನ್ನು ಕ್ರಿಯಾಪದದಿಂದ ಹೇಳದೆಯೇ ನಡೆಯಬಲ್ಲುದು. ಮಂಜಮ್ಮನವರ ಪುಸ್ತಕದ ಹೆಸರಿನಲ್ಲಿ ಹೆಣ್ಣು ಎಂಬ ಪದವು ಬಂದು ಕುಳಿತಿರುವುದರ ಬೆಲೆಯು ಇದರಿಂದ ತಿಳಿಯುವುದು. ಒಳಗಿನ ನಾನು ಎಂಬುದು ವ್ಯಾಕರಣದಿಂದ ನಿರ್ಲಿಂಗ. ಹೊರಗಿನ ಹೆಸರು ವಿವಕ್ಷೆಯಿಂದ ಸ್ತ್ರೀ. ಭಾಷ್ಯಕಾರನು ವಿವಕ್ಷೆಗೆ ಕೊಟ್ಟ ಸ್ಥಾನವನ್ನು ನೆನೆದರೆ ಇದು ಅಪಾರ್ಥವೆಂದು ಹೇಳುವಂತಿಲ್ಲ.

ಇನ್ನು ವಚನದ ಶಬ್ದಗಳನ್ನೇ ನೋಡಬೇಕು. ಗಡ್ಡಮೀಸೆಯುಳ್ಳವನು ಗಂಡೆಂದು ದಾಸಿಮಯ್ಯನು ಎಲ್ಲಿಯೂ ಹೇಳಿಲ್ಲ. ಎಂಬರು ಎಂಬ ಕ್ರಿಯಾಪದವನ್ನು ಎರಡು ಸಲವೂ ಹಾಕಿ, ಇದು ಜನರ ಮಾತು, ತನ್ನದಲ್ಲವೆಂದು ಕೈ ತೊಳೆದುಕೊಂಡಿರುವನು. ಆತ್ಮನ ವಿಷಯವನ್ನು ಹೇಳುವಾಗ ಮಾತ್ರ ಆ ಎಂಬರು ಬಿದ್ದುಹೋಗುವುದು. ಇದಕ್ಕಿಂತಲೂ ಸೂಕ್ಷ್ಮವಾದುದು ಬರುವುದು ಎಂಬ ಧಾತುವಿನ ಪ್ರಯೋಗ. ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವಚನಸಂಗ್ರಹದಲ್ಲಿ ಇದನ್ನು ಅನುವಾದಿಸುವಾಗ, ಆ ಗುರುತುಗಳು ಎದುರಿನಿಂದ ನಡೆದು ಬರುವುದನ್ನು ಜನರು ಕಂಡರೆ ಎಂಬ ಭಾವವನ್ನು ತಂದಿರುವರು. ದಾರಿಯಲ್ಲಿ ದೂರದಿಂದ ಯಾರೋ ಬರುತ್ತಿರುವ ಚಿತ್ರವು ಅಲ್ಲಿ ಮೂಡುವುದು. ಚಿತ್ರವು ಸುಂದರವೇ ಹೌದು. ಆದರೆ ಕನ್ನಡದಲ್ಲಿ ಹುಡುಗನಿಗೆ ಮೀಸೆ ಬಂದಿತು ಎಂದರೆ ಮೀಸೆಯು ದಾರಿಯಲ್ಲಿ ನಡೆದು ಬಂದಿತೆಂದಲ್ಲ. ಪ್ರಾಯಕ್ಕೆ ತಕ್ಕಂತೆ ಮೂಡಿತೆಂದು ಅರ್ಥ. ಹಲ್ಲು ಬರುವುದು, ಜ್ವರ ಬರುವುದು, ಮೀಸೆ ಬರುವುದು, ಇವೆಲ್ಲವೂ ಕರೆಯದೆ ಬರುವಂಥವು. ಅನುವಾದದಲ್ಲಿ ಪ್ರಾಧಾನ್ಯವು ನೋಡುವವನ ಕಣ್ಣಿಗೆ. ಮೂಲದಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಬಂದು ಕುಳಿತ ಗಡ್ಡಕ್ಕೆ. ಹದಿನೈದು ಹದಿನಾರನೆಯ ವಯಸ್ಸಿನಲ್ಲಿ ತನ್ನನ್ನು ಹೆಣ್ಣೆಂದು ತಿಳಿದ ಹುಡುಗನೊಬ್ಬನ ಕನ್ನಡಿಯಲ್ಲಿ ನಡೆಯುವುದು ಈ ಎರಡನೆಯದೇ.

ಇದೇ ವಯಸ್ಸಿಗೆ ಧರ್ಮಶಾಸ್ತ್ರವು ಕೇಶಾಂತವೆಂಬ ಸಂಸ್ಕಾರವನ್ನು ವಿಧಿಸಿರುವುದು. ಮೊದಲ ಗಡ್ಡವನ್ನು ತೆಗೆಯಿಸುವ ಈ ಕರ್ಮಕ್ಕೆ ಗೋದಾನವೆಂದೂ ಹೆಸರುಂಟು. ಮನುಸ್ಮೃತಿಯ ಪ್ರಕಾರ ಬ್ರಾಹ್ಮಣನಿಗೆ 16ನೆಯ, ಕ್ಷತ್ರಿಯನಿಗೆ 22ನೆಯ, ವೈಶ್ಯನಿಗೆ 24ನೆಯ ವರ್ಷದಲ್ಲಿ ಅದು ನಡೆಯತಕ್ಕದ್ದು. ಅಲ್ಲಿ ಗಡ್ಡವನ್ನು ತೆಗೆಯುವುದು ಪುರುಷತ್ವವನ್ನು ಕಳೆಯುವುದಕ್ಕಲ್ಲ, ಸಂಸ್ಕರಿಸುವುದಕ್ಕೆ. ಕ್ರಿಯೆಯು ಒಂದೇ ಆದರೂ ಸಂಕಲ್ಪದಿಂದ ಫಲವು ಬೇರೆಯಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಕ್ಕಲಾರದು. ಗೃಹಸ್ಥನು ಗಡ್ಡವನ್ನು ತೆಗೆಯಿಸಿಕೊಂಡು ಗಂಡಾಗಿಯೇ ಮನೆಗೆ ಹಿಂದಿರುಗುವನು. ಸ್ತ್ರೀವೇಷದ ನಟನು ಮೀಸೆಯನ್ನು ಬೋಳಿಸಿ, ಆಟವು ಮುಗಿದ ಮೇಲೆ ಅದು ಮತ್ತೆ ಬೆಳೆದರೆ ಸಂತೋಷಪಡುವನು. ಮೀಸೆ ಬೋಳಿಸಿದ ಮಾತ್ರದಿಂದ ಅವರಾರೂ ಹೆಣ್ಣಾಗಲಿಲ್ಲ. ಹಾಗಿದ್ದಮೇಲೆ ಜೋಗತಿಯು ಕೂದಲನ್ನು ಕೀಳುವುದರಿಂದ ಹೆಣ್ಣಾಗಲೆಳಸುವಳೆಂದು ಹೇಳುವುದೂ ಸರಿಯಲ್ಲ. ಅವಳು ಹೆಣ್ಣಾಗಿ ಬಾಳುತ್ತಿರುವುದರಿಂದ ಕೀಳುವಳು. ಕಾರಣವನ್ನು ಕಾರ್ಯವೆಂದು ತಿಳಿದುದೇ ಪೂರ್ವಪಕ್ಷದ ದೋಷ.

ಜೋಗತಿಯ ದೀಕ್ಷಾವಿಧಿಯನ್ನು ನೋಡಿದರೆ ಇದು ಮತ್ತಷ್ಟು ಸ್ಪಷ್ಟವಾಗುವುದು. ಮುತ್ತು ಕಟ್ಟುವ ಕಾಲದಲ್ಲಿ ನಡುವಿನ ಉಡಿದಾರವನ್ನು ಹರಿದು, ಸೀರೆ ಕುಪ್ಪಸಗಳನ್ನು ಉಡಿಸಿ, ಬಳೆ ತೊಡಿಸುವರು. ಮನುಷ್ಯರು ಕಟ್ಟಿದ ಗಂಡುಗುರುತು ಉಡಿದಾರ. ಅದನ್ನು ಮನುಷ್ಯರೇ ಒಂದು ಘಳಿಗೆಯಲ್ಲಿ ಹರಿಯಬಲ್ಲರು. ದೇಹವು ಕಟ್ಟಿದ ಗುರುತನ್ನು ಹರಿಯುವುದಕ್ಕೆ ಆ ವಿಧಿಯಲ್ಲಿ ಅಂಗವಿಲ್ಲ. ಈ ಸಂಪ್ರದಾಯದಲ್ಲಿ ಶಸ್ತ್ರಕ್ರಿಯೆಯೂ ಕಡ್ಡಾಯವಲ್ಲ. ಆದುದರಿಂದ ದೀಕ್ಷೆಯು ಒಮ್ಮೆ ಮುಗಿಯುವ ಸಂಸ್ಕಾರ, ಗಡ್ಡವು ನಿತ್ಯಕರ್ಮ. ದೇವಿಯ ಮುಂದೆ ಆದುದನ್ನು ಬೆಳಗಿನ ಕನ್ನಡಿಯ ಮುಂದೆ ಮರಳಿ ಮರಳಿ ಸಾಧಿಸಿಕೊಳ್ಳಬೇಕಾಗುವುದು.

ಇಲ್ಲಿಯೇ ಗೊಗ್ಗವ್ವೆಯ ವಚನವು ನೆನಪಿಗೆ ಬರುವುದು. ಧೂಪದ ಗೊಗ್ಗವ್ವೆಯೆಂಬ ಈ ಶರಣೆಯ ಅಂಕಿತ ನಾಸ್ತಿನಾಥ. ಅವಳ ವಚನವೊಂದು ದಾಸಿಮಯ್ಯನ ವಚನದ ಅಚ್ಚಿನಲ್ಲಿಯೇ ಎರಕಹೊಯ್ದಂತಿದ್ದು, ಎರಡರಲ್ಲಿ ಯಾವುದು ಯಾವುದರ ಛಾಯೆಯೆಂಬ ಚರ್ಚೆಗೆ ಎಡೆ ಕೊಡುವುದು. ಆ ಚರ್ಚೆಯಿಂದ ಇಲ್ಲಿ ಪ್ರಯೋಜನವಿಲ್ಲ. ಗಮನಿಸತಕ್ಕದ್ದು ಪುರುಷಲಕ್ಷಣದ ಪಂಕ್ತಿಯಲ್ಲಿರುವ ಒಂದು ಭೇದವನ್ನು. ದಾಸಿಮಯ್ಯನು ಗಡ್ಡಕ್ಕೆ ಮೀಸೆಯನ್ನು ಜೊತೆಮಾಡಿದ ಕಡೆಯಲ್ಲಿ ಗೊಗ್ಗವ್ವೆಯು ಮೀಸೆಗೆ ಕಾಸೆಯನ್ನು ಜೊತೆಮಾಡಿರುವಳು. ಕಾಸೆಯೆಂದರೆ ಕಚ್ಚೆಯಾಗಿ ಬಿಗಿದ ಉಡುಪು. ವೀರಗಾಸೆಯೆಂಬ ಶಬ್ದದಲ್ಲಿ ಇಂದಿಗೂ ಅದು ಉಳಿದಿರುವುದು. ಪ್ರಾಸಕ್ಕಾಗಿ ಬಂದ ಪದವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಪ್ರಾಸವು ತಂದುಕೊಟ್ಟ ಅರ್ಥವನ್ನು ಕವಿಯು ಉಳಿಸಿಕೊಂಡರೆ ಅದು ಕವಿಯ ಅರ್ಥವೇ ಆಗುವುದು. ದೇಹದಲ್ಲಿ ಮೂಡಿದ ಮೀಸೆಯನ್ನೂ ದೇಹದ ಮೇಲೆ ಸುತ್ತಿದ ಕಾಸೆಯನ್ನೂ ಗೊಗ್ಗವ್ವೆಯು ಒಂದೇ ಸಾಲಿನಲ್ಲಿ, ಒಂದೇ ಬರುವುದು ಎಂಬ ಕ್ರಿಯೆಗೆ ಕಟ್ಟಿರುವಳು. ಅವಳ ದೃಷ್ಟಿಯಲ್ಲಿ ಮೀಸೆಯೂ ಒಂದು ಉಡುಪೇ. ಉಡುಪನ್ನು ಬಿಚ್ಚಿದರೆ ತಪ್ಪೇನೆಂದು ಜೋಗತಿಯು ಕೇಳಿದರೆ ಗೊಗ್ಗವ್ವೆಯ ವಚನದಲ್ಲಿ ಅದಕ್ಕೆ ವಿರೋಧವು ಕಾಣದು.

ಮಾತು ಕೂದಲಿಗೆ ಬಂದಿರುವುದರಿಂದ ಭಾಷ್ಯದ ಇನ್ನೊಂದು ಸೂಕ್ಷ್ಮವನ್ನು ಹೇಳಬಹುದು. ಅಲ್ಲಿ ಸ್ತ್ರೀಗೆ ಹೇಳಿದುದು ಕೇಶ, ಪುರುಷನಿಗೆ ಹೇಳಿದುದು ಲೋಮ. ಎರಡೂ ಕೂದಲೇ, ಸ್ಥಾನ ಮಾತ್ರ ಬೇರೆ. ಜೋಗತಿಯರಲ್ಲಿ ಎಷ್ಟೋ ಮಂದಿಗೆ ತಲೆಯ ಕೂದಲು ಗಂಟುಕಟ್ಟಿ ಜಡೆಯಾದರೆ ಅದನ್ನು ದೇವಿಯು ಒಲಿದ ಗುರುತೆಂದು ಭಾವಿಸಿ ಕತ್ತರಿ ಮುಟ್ಟಿಸರು. ಭಂಡಾರ ಹಚ್ಚಿ ಪೂಜಿಸುವರು. ಅದೇ ತಲೆಯ ಕೆಳಭಾಗದಲ್ಲಿ ಗಲ್ಲದ ಮೇಲೆ ಮೂಡಿದುದನ್ನು ಚಿಮಟದಿಂದ ಕೀಳುವರು. ಒಂದು ಗೇಣಿನ ಅಂತರದಲ್ಲಿ ಒಂದು ಕೂದಲು ಪೂಜ್ಯ, ಇನ್ನೊಂದು ವರ್ಜ್ಯ. ಭಾಷ್ಯವು ಎತ್ತಿ ಹೇಳಿ ಬಿಟ್ಟುಬಿಟ್ಟ ಲೌಕಿಕಲಕ್ಷಣವು ಹೀಗೆ ಒಂದು ಮುಖದಲ್ಲಿ ಅಕ್ಷರಶಃ ಆಚರಣೆಗೆ ಬಂದಿರುವುದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಲ್ಲಿ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾದುವು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಗುಡ್ಡ, ಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಜಾತ್ರೆ, ತುಂಗಭದ್ರೆಯ ಆಚೆಯ ಹುಲಿಗಿ, ಇವುಗಳ ನಡುವೆ ಭರತಹುಣ್ಣಿಮೆಯ ಕಾಲದಲ್ಲಿ ಪಡ್ಲಿಗೆ ಹೊತ್ತು ಚೌಡಿಕೆ ನುಡಿಸುತ್ತ ಹೋಗುವ ಜೋಗತಿಯರನ್ನು ಈ ಸೀಮೆಯವರೆಲ್ಲರೂ ಬಲ್ಲರು. ಮಂಗಳವಾರ ಶುಕ್ರವಾರಗಳು ಎಲ್ಲಮ್ಮನ ವಾರಗಳು. ಮನೆಮನೆಗೆ ಜೋಗಕ್ಕೆ ಹೋಗುವ ದಿನಗಳು. ಆ ಎರಡು ದಿನಗಳೇ ಹಳೆಯ ಸಂಪ್ರದಾಯದಲ್ಲಿ ಕ್ಷೌರಕ್ಕೆ ನಿಷಿದ್ಧವಾದುವೂ ಆಗಿರುವುವು. ಹಿಂದಿನ ದಿನವೇ ಕತ್ತಿಯಿಂದ ಬೋಳಿಸಿದರೆ ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ, ಭಂಡಾರದ ಹಳದಿಯ ಕೆಳಗೆ, ಕುರುಚಲು ನೆರಳಿನಂತೆ ಕಾಣಿಸಿಕೊಳ್ಳುವುದು. ಚಿಮಟದಿಂದ ಬುಡಸಹಿತ ಕಿತ್ತರೆ ಕೆಲವು ವಾರಗಳ ಮಟ್ಟಿಗೆ ತಲೆಯೆತ್ತದು. ಕತ್ತಿಗಿಂತ ಚಿಮಟವು ಏಕೆ ಪ್ರಿಯವೆಂಬುದಕ್ಕೆ ಈ ಲೆಕ್ಕವೇ ಸಾಕು. ಹಿಜಡಾಸಮುದಾಯದಲ್ಲಿಯೂ ಬೋಳಿಸುವುದಕ್ಕಿಂತ ಕೀಳುವುದೇ ಸಂಪ್ರದಾಯವೆಂದು ಸೆರೀನಾ ನಂದಾ ಅವರು 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬರೆದಿರುವರು.

ಕೀಳುವುದರಲ್ಲಿ ನೋವು ಉಂಟೆಂದು ಹೇಳಬೇಕಾದುದಿಲ್ಲ. ಬಿಸಿನೀರಿನಿಂದ ಮುಖವನ್ನು ಮೆತ್ತಗೆ ಮಾಡದೆ, ಚಿಮಟವನ್ನು ಶುದ್ಧಿಮಾಡದೆ ಕಿತ್ತರೆ ರೋಮಕೂಪವು ಕೀವುಗಟ್ಟುವುದು. ಮತ್ತೆ ಮೂಡುವ ಕೂದಲು ಹೊರಗೆ ಬರಲಾರದೆ ಚರ್ಮದೊಳಗೇ ಸುರುಳಿಗೊಂಡು ಗುಳ್ಳೆಯಾಗುವುದು, ಕಪ್ಪು ಕಲೆ ನಿಲ್ಲುವುದು. ಬೋಳಿಸಿದರೆ ಕೂದಲು ದಪ್ಪವಾಗುವುದೆಂಬ ಜನಜನಿತವಾದ ಮಾತಿಗೆ ಆಧಾರವಿಲ್ಲ. ಮೊಂಡಾದ ತುದಿಯು ಕೈಗೆ ಒರಟಾಗಿ ತಾಗುವುದಷ್ಟೆ. ಅರಿಶಿನದಿಂದ ಗಡ್ಡದ ಬುಡವು ಸಾಯುವುದೆಂಬುದೂ ಹಾಗೆಯೇ.

ಆಯುರ್ವೇದದಲ್ಲಿ ಗಡ್ಡವನ್ನು ಪಿತೃಜವೆಂದು ಎಣಿಸಿರುವರು. ಕೇಶ, ಶ್ಮಶ್ರು, ಲೋಮ, ನಖ, ದಂತ, ಅಸ್ಥಿ ಮುಂತಾದುವು ತಂದೆಯಿಂದಲೂ ರಕ್ತಮಾಂಸಾದಿಗಳು ತಾಯಿಯಿಂದಲೂ ಬರುವುವೆಂದು ಚರಕಸಂಹಿತೆಯ ಶಾರೀರಸ್ಥಾನದ ಮತ. ಹೆಣ್ಣುಮಗುವಿಗೂ ಎಲುಬು ಹಲ್ಲುಗಳಿರುವುದರಿಂದ ಪಿತೃಜವೆಂದ ಮಾತ್ರಕ್ಕೆ ಪುರುಷಲಕ್ಷಣವಾಗದೆಂಬುದನ್ನು ಇಲ್ಲಿ ಮರೆಯಬಾರದು. ಸುಶ್ರುತನು ವ್ರಣಚಿಕಿತ್ಸೆಯ 60 ಉಪಕ್ರಮಗಳಲ್ಲಿ ಲೋಮಾಪಹರಣವನ್ನೂ ಸೇರಿಸಿ, ಕತ್ತಿ, ಕತ್ತರಿ, ಚಿಮಟಗಳನ್ನು ಹೇಳಿ, ಶಂಖಚೂರ್ಣಕ್ಕೆ ಹರಿತಾಲವನ್ನು ಕೂಡಿಸಿದ ಲೇಪವೊಂದನ್ನೂ ಕೊಟ್ಟಿರುವನು. ಅದು ಗಾಯದ ಸುತ್ತಣ ಕೂದಲಿಗೆ ಹೇಳಿದುದು, ಗಡ್ಡಕ್ಕಲ್ಲ. ಹರಿತಾಲವು ಪಾಷಾಣದ ಜಾತಿಯ ವಿಷವಾದುದರಿಂದ ಅದನ್ನು ಮುಖಕ್ಕೆ ಮೆತ್ತಿಕೊಳ್ಳುವುದು ಅಪಾಯಕರ.

ಆಧುನಿಕ ವೈದ್ಯದ ನಿರ್ಣಯವು ಬೇರೆ ದಾರಿಯಿಂದ ದಾಸಿಮಯ್ಯನ ಬರುವುದು ಎಂಬ ಶಬ್ದವನ್ನೇ ಸಮರ್ಥಿಸುವುದು. ಪ್ರಾಯದಲ್ಲಿ ಆಂಡ್ರೊಜನ್ ಎಂಬ ಹಾರ್ಮೋನಿನಿಂದ ಗಲ್ಲದ ನವಿರು ದಪ್ಪ ಕೂದಲಾಗಿ ತಿರುಗುವುದು. ಒಮ್ಮೆ ತಿರುಗಿದ ಮೇಲೆ ಹೆಣ್ಣಿನ ಹಾರ್ಮೋನನ್ನು ಎಷ್ಟು ಕೊಟ್ಟರೂ, ಶಸ್ತ್ರಕ್ರಿಯೆಯಾದರೂ, ಬೆಳವಣಿಗೆಯು ನಿಧಾನವಾದೀತೇ ಹೊರತು ಗಡ್ಡವು ಹಿಂದಿರುಗಿ ಹೋಗದು. ಧ್ವನಿಯಂತೆ ಇದೂ ಬಂದ ಮೇಲೆ ಹೋಗದ ಅತಿಥಿ. ಬುಡವನ್ನೇ ನಾಶಮಾಡುವ ಕ್ರಮಗಳು ಎರಡು. ಸೂಜಿಯಿಂದ ವಿದ್ಯುತ್ತನ್ನು ಹಾಯಿಸುವ ಎಲೆಕ್ಟ್ರಾಲಿಸಿಸ್ ಒಂದು. 1875ರಲ್ಲಿ ಅಮೆರಿಕದ ಚಾರ್ಲ್ಸ್ ಮಿಶೆಲ್ ಎಂಬ ನೇತ್ರವೈದ್ಯನು ಕಣ್ಣಿನೊಳಕ್ಕೆ ತಿರುಗಿದ ರೆಪ್ಪೆಗೂದಲಿಗಾಗಿ ಇದನ್ನು ಪ್ರಕಟಿಸಿದನು. ಒಂದೊಂದೇ ಕೂದಲಿಗೆ ಸೂಜಿ ಹಾಕಬೇಕಾದುದರಿಂದ ನೂರಾರು ಗಂಟೆಗಳೂ ಹಿಡಿಯಬಹುದು. ಆದರೆ ಬಣ್ಣ ಯಾವುದಾದರೂ ನಡೆಯುವುದು. ಇನ್ನೊಂದು ಲೇಸರ್ ಕಿರಣ. 1990ರ ದಶಕದಿಂದ ಬಳಕೆಗೆ ಬಂದುದು. ಕೂದಲಿನ ಕಪ್ಪು ಬಣ್ಣವು ಕಿರಣವನ್ನು ಹೀರಿಕೊಂಡು ಬುಡವು ಬೇಯುವುದು. ನೆರೆತ ಕೂದಲಿಗೆ ಇದು ತಾಗದು. ಕಪ್ಪು ಚರ್ಮಕ್ಕೆ 1064 ನ್ಯಾನೊಮೀಟರಿನ ಉದ್ದನೆಯ ಅಲೆಯ ಕಿರಣವೇ ಕ್ಷೇಮ, ಇಲ್ಲದಿದ್ದರೆ ಚರ್ಮವು ಸುಡುವುದು. ಎಲ್ಲ ಕೂದಲೂ ಒಂದೇ ಸಲಕ್ಕೆ ಬೆಳೆಯುವ ಸ್ಥಿತಿಯಲ್ಲಿರದ ಕಾರಣ ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕು. ಕಿರಣಕ್ಕೆ ಹೋಗುವವರು ಅದಕ್ಕೆ ಮೊದಲು ಕೀಳುವುದನ್ನು ನಿಲ್ಲಿಸಿ ಬೋಳಿಸಿಕೊಳ್ಳಬೇಕೆಂದು ವೈದ್ಯರು ಹೇಳುವರು. ಬುಡವಿಲ್ಲದಲ್ಲಿ ಕಿರಣಕ್ಕೆ ಹಿಡಿಯಲು ಏನೂ ಇರದು. ವರ್ಷಗಟ್ಟಲೆ ಚಿಮಟವನ್ನು ನಂಬಿದವರಿಗೆ, ಕುರುಚಲಿನೊಡನೆ ಕೆಲವು ವಾರ ಹೊರಗೆ ಓಡಾಡಬೇಕಾದ ಈ ನಿಯಮವು ಕಿರಣದ ಉರಿಗಿಂತಲೂ ಕಠಿಣವಾದೀತು. ಪಡ್ಲಿಗೆಯಲ್ಲಿ ಬಿದ್ದ ಜೋಳದಿಂದ ದಿನ ಕಳೆಯುವವರಿಗೆ ದೊಡ್ಡ ಊರಿಗೆ ಹತ್ತು ಸಲ ಹೋಗಿಬರುವ ಬಸ್ಸಿನ ಖರ್ಚೂ ದೊಡ್ಡದೆ. ಚಿಮಟವು ಉಳಿದಿರುವುದು ಸಂಪ್ರದಾಯದಿಂದ ಮಾತ್ರವಲ್ಲ.

ಸಿದ್ಧಾಂತಕ್ಕೆ ಹಿಂದಿರುಗಬೇಕು. ಶ್ವೇತಾಶ್ವತರೋಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಆತ್ಮನು ಸ್ತ್ರೀಯಲ್ಲ, ಪುರುಷನಲ್ಲ, ನಪುಂಸಕನೂ ಅಲ್ಲ, ಯಾವ ಯಾವ ಶರೀರವನ್ನು ಹೊಂದುವನೋ ಅದರೊಡನೆ ಕೂಡಿಕೊಳ್ಳುವನು ಎಂಬ ಅರ್ಥದ ಮಂತ್ರವುಂಟು. ದಾಸಿಮಯ್ಯನ ವಚನಕ್ಕೆ ಮೂಲವೆಂದು ಇದನ್ನು ತೋರಿಸಹೊರಟರೆ ಒಂದು ವ್ಯತ್ಯಾಸವು ಅಡ್ಡಬರುವುದು. ಉಪನಿಷತ್ತು ಮೂರನ್ನು ನಿಷೇಧಿಸುವುದು. ವಚನವು ಎರಡನ್ನು ಮಾತ್ರ ನಿಷೇಧಿಸುವುದು. ಮೂರನೆಯದರ ಹೆಸರನ್ನೇ ಎತ್ತದೆ, ಭಾಷ್ಯವು ನಪುಂಸಕಕ್ಕೆ ಕೊಟ್ಟಿದ್ದ ನಡುವಿನ ಸ್ಥಾನವನ್ನು ದಾಸಿಮಯ್ಯನು ಆತ್ಮನಿಗೇ ಕೊಟ್ಟುಬಿಟ್ಟಿರುವನು. ಲೋಕವು ಯಾರನ್ನು ಇಲ್ಲಿಯೂ ಸಲ್ಲದವರು ಅಲ್ಲಿಯೂ ಸಲ್ಲದವರು ಎಂದು ಹೊರಗಿಟ್ಟಿತೋ ಅವರ ಮಣೆಯ ಮೇಲೆ ಪರಮವಸ್ತುವನ್ನು ಕೂರಿಸಿದ ಧೈರ್ಯವು ಉಪನಿಷತ್ತಿನಲ್ಲಿ ಇಲ್ಲ, ಭಾಷ್ಯದಲ್ಲಿಯೂ ಇಲ್ಲ. ವಚನವನ್ನು ಬರಿಯ ವೇದಾಂತವೆಂದು ಓದಿದವರು ಕಳೆದುಕೊಂಡುದು ಇದನ್ನೇ.

ಮಂಜಮ್ಮನವರ ಪುಸ್ತಕದ ಹೆಸರು ಈ ಮಣೆಯನ್ನು ಮತ್ತೊಮ್ಮೆ ಬದಲಾಯಿಸಿರುವುದು. ಇದರಿಂದ ನಷ್ಟವಿಲ್ಲವೆಂದು ಹೇಳಲಾಗದು. ಇದೂ ಅಲ್ಲ ಅದೂ ಅಲ್ಲ ಎಂಬ ನಿಷೇಧದ ಬಲವು ಹೋಗಿ, ಎರಡು ಪಕ್ಷಗಳಲ್ಲಿ ಒಂದಾದ ಹೆಣ್ಣೇ ನಡುವಿಗೂ ಬಂದು ಕುಳಿತಿರುವುದು. ತರ್ಕದ ಕಟ್ಟು ಸಡಿಲವಾಗಿರುವುದು. ಹೆಣ್ಣು ನಡುವೆ ಇರುವುದಾದರೆ ಮೊದಲಿನ ಹೆಣ್ಣು ಯಾರೆಂದು ತಾರ್ಕಿಕನು ಕೇಳಬಹುದು. ಆದರೆ ಆತ್ಮನಿಗೆ ಗಡ್ಡ ಬರುವುದಿಲ್ಲ, ಬರುವುದು ದೇಹಕ್ಕೆ. ನಡುವೆ ಇರುವುದೆಂದರೆ ಏನೆಂಬುದನ್ನು ಆತ್ಮನ ಮೂಲಕ ಹೇಳಿದಾಗ ಅದು ಕೇಳುವುದಕ್ಕೆ ಸುಖವಾಗಿರುವುದು. ಹೆಣ್ಣಿನ ಮೂಲಕ ಹೇಳಿದಾಗ ಚಿಮಟವೂ ಕನ್ನಡಿಯೂ ಮಂಗಳವಾರದ ಬಿಸಿಲೂ ಜೊತೆಗೆ ಬರುವುವು. ದಾಸಿಮಯ್ಯನು ದಾಟಿಸಿಬಿಟ್ಟ ಮೊದಲ ಎರಡು ಪಂಕ್ತಿಗಳ ಭಾರವನ್ನು ಈ ಹೆಸರು ಹೊತ್ತುಕೊಂಡಿರುವುದು. ಎ. ರೇವತಿಯವರ ತಮಿಳು ಆತ್ಮಕಥೆಯನ್ನು ದು. ಸರಸ್ವತಿಯವರು ಕನ್ನಡಕ್ಕೆ ತಂದಾಗ ‘ಬದುಕು ಬಯಲು’ ಎಂದು ಕರೆದುದನ್ನು ಇದರೊಡನೆ ಹೋಲಿಸಬಹುದು. ಬಯಲು ಎಂಬುದೂ ವಚನಕಾರರ ಪ್ರಿಯಶಬ್ದವೇ. ಆದರೆ ಅಲ್ಲಿ ಲಿಂಗವು ಬಯಲಾಗಿ ಕರಗುವ ಧ್ವನಿಯಿದ್ದರೆ ಇಲ್ಲಿ ಅದನ್ನು ಕರಗಗೊಡದ ಹಠವಿರುವುದು. 2014ರ ಏಪ್ರಿಲ್ 15ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಲ್ಲಿ ದೇಹಪರೀಕ್ಷೆಗಿಂತ ಮನೋನಿಶ್ಚಯಕ್ಕೆ ಹೆಚ್ಚಿನ ಬೆಲೆಯನ್ನು ಕೊಟ್ಟಿದ್ದಿತು. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ವಿವಕ್ಷಾಪಕ್ಷ.

ಹೆಸರಿನಲ್ಲಿ ಬದಲಾಗದೆ ಉಳಿದ ಶಬ್ದವೊಂದರ ಮೇಲೆಯೂ ಎರಡು ಮಾತು ಹೇಳಬೇಕು. ಸುಳಿ ಎಂಬ ಧಾತುವಿಗೆ ಸುತ್ತುವುದು, ಸಂಚರಿಸುವುದು, ಸುಳಿದಾಡುವುದು ಎಂಬ ಅರ್ಥಗಳುಂಟು. ವಚನಕಾರರು ಅದನ್ನು ಜಂಗಮನ ನಡೆಗೆ ವಿಶೇಷವಾಗಿ ಬಳಸಿರುವರು. ನಡುವೆ ನಿಲ್ಲುವ ಆತ್ಮನೆಂದಾಗಲಿ ನಡುವೆ ಇರುವ ಆತ್ಮನೆಂದಾಗಲಿ ದಾಸಿಮಯ್ಯನು ಹೇಳಲಿಲ್ಲ. ನಿಂತುದಾದರೆ ಅದಕ್ಕೊಂದು ಸ್ಥಳವಾಗಿ, ಸ್ಥಳಕ್ಕೊಂದು ಹೆಸರಾಗಿ, ಮೂರನೆಯದೊಂದು ಪಂಗಡವಾಗುತ್ತಿದ್ದಿತು. ಸುಳಿಯುವುದಕ್ಕೆ ಹೆಸರಿಡುವುದು ಕಷ್ಟ. ತಲೆಯ ಮೇಲೆ ಕೊಡವನ್ನು ಹೊತ್ತು, ಕೈಬಿಟ್ಟು, ಅದು ಬೀಳದಂತೆ ಸುಳಿಯುವ ಜೋಗತಿನೃತ್ಯವನ್ನು ಬಲ್ಲ ಮಂಜಮ್ಮನವರ ಪುಸ್ತಕದಲ್ಲಿ ಈ ಧಾತುವು ಹಾಗೆಯೇ ಉಳಿದಿರುವುದು ಕಾಕತಾಳೀಯವಾಗಿರಲಾರದು. ಗೊಗ್ಗವ್ವೆಯ ವಚನದಲ್ಲಿಯಾದರೆ ಸುಳಿಯುವ ಮಾತಿಲ್ಲ, ಆತ್ಮನ ಮಾತೂ ಇಲ್ಲ. ಎರಡನ್ನೂ ಅರಿಯುವ ಜ್ಞಾನವು ಯಾವ ಲಿಂಗದ್ದೆಂದು ಅವಳು ತನ್ನ ನಾಸ್ತಿನಾಥನನ್ನೇ ಕೇಳಿರುವಳು. ದಾಸಿಮಯ್ಯನು ರಾಮನಾಥನಿಗೆ ನಿರ್ಣಯವನ್ನು ಒಪ್ಪಿಸಿದರೆ ಅವಳು ಪ್ರಶ್ನೆಯನ್ನು ಮಾತ್ರ ಒಪ್ಪಿಸಿ, ಉತ್ತರಕ್ಕಾಗಿ ಒಂದು ಪಂಕ್ತಿಯನ್ನೂ ಸೇರಿಸದೆ ಬಿಟ್ಟಿರುವಳು.